ಲಗ್ನದ ಸಿಡಿ ಮತ್ತು ಅದನ್ನು ನುಂಗುವ ಯಂತ್ರ: ಒಂದು ಪ್ರಮಾಣಮೀಮಾಂಸೆ

ಪ್ರಸ್ತುತ ಅಧ್ಯಯನದ ಭೌಗೋಳಿಕ ವ್ಯಾಪ್ತಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಕಾಲವ್ಯಾಪ್ತಿ: ಕ್ಯಾಸೆಟ್ ತೀರಿಕೊಂಡ ಮೇಲೆ, ಮೊಬೈಲಿಗೆ ಸಿನಿಮಾ ಬರುವ ಮೊದಲು. ಆಕರ ಸಾಮಗ್ರಿ: ತಿಜೋರಿಯಲ್ಲಿ ಇಳಕಲ್ ಸೀರೆಯ ಮಡಿಕೆಯೊಳಗೆ ಕಾಪಾಡಿದ ಲಗ್ನದ ಸಿಡಿಗಳು, ಜೊತೆಗೆ ಆಟದವು, ಜಾತ್ರೆಯವು. ಈ ವಿಷಯವನ್ನು ಪೂರ್ವಸೂರಿಗಳು ಮುಟ್ಟಿಲ್ಲ. ಮುಟ್ಟಿದವರು ಡಿಸ್ಕಿನ ಹೊಳೆಯುವ ಮಗ್ಗುಲನ್ನೇ ಮುಟ್ಟಿದ್ದಾರೆ.

ಇವನ್ನು ಓಡಿಸಲು ಪ್ಲೇಯರ್ ಕೊಳ್ಳಹೊರಟವರ ಸಮಸ್ಯೆ ಇಷ್ಟು. ದುಬಾರಿ ಡಿವಿಡಿ ಪ್ಲೇಯರು ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕನ್ನು ಮರ್ಯಾದೆಯಿಂದ ಬರಮಾಡಿಕೊಳ್ಳುತ್ತದೆ. ವಿಡಿಯೋದಾಂವ ಮನೆಯಲ್ಲೇ ರೈಟ್ ಮಾಡಿಕೊಟ್ಟದ್ದನ್ನು ಕಂಡರೆ ‘ನೋ ಡಿಸ್ಕ್’ ಎನ್ನುತ್ತದೆ. ಬಾಯಲ್ಲಿಟ್ಟದ್ದನ್ನೇ ಇಲ್ಲವೆನ್ನುವ ಈ ನಿಲುವನ್ನು ಶೂನ್ಯವಾದಕ್ಕೆ ಸೇರಿಸಬಹುದಿತ್ತು. ಆದರೆ ಕಾರಣ ಬರೀ ಭೌತಿಕ. ಅಚ್ಚು ಹಾಕಿದ ಸಿಡಿ ಲೇಸರ್ ಬೆಳಕಿನ ಶೇ 70ರಷ್ಟನ್ನಾದರೂ ಹಿಂದಿರುಗಿಸುತ್ತದೆ. ಅಳಿಸಿ ಬರೆಯುವ ಸಿಡಿ-ಆರ್‌ಡಬ್ಲ್ಯೂ ಶೇ 15ರಿಂದ 25ರಷ್ಟು ಮಾತ್ರ. ಒಮ್ಮೆ ಮಾತ್ರ ಬರೆಯುವ ಸಿಡಿ-ಆರ್ ಹೊಸ ಸೊಸೆಯ ಹಾಗೆ, 780 ನ್ಯಾನೋಮೀಟರಿನ ಬೆಳಕಿಗಷ್ಟೇ ಮುಖ ತೋರಿಸುತ್ತದೆ. ಡಿವಿಡಿಯ 650 ನ್ಯಾನೋಮೀಟರಿನ ಕೆಂಪು ಬೆಳಕು ಬಂದರೆ ಸೆರಗು ಎಳೆದುಕೊಳ್ಳುತ್ತದೆ. ಎರಡೂ ಬೆಳಕುಳ್ಳ ಯಂತ್ರವೇ ಬೇಕೆಂಬುದು ಇಲ್ಲಿಯ ಮೊದಲ ಸಿದ್ಧಾಂತ.

ಬೈಲಹೊಂಗಲದ ಸಾಕ್ಷ್ಯ ಹೆಚ್ಚು ಗಂಭೀರವಾದದ್ದು. ಸಂಗ್ಯಾ ಬಾಳ್ಯಾ ಸಣ್ಣಾಟದ ಕಥೆ ಈ ಊರಿನದೇ. ಆಟ ರಾತ್ರಿ ಹತ್ತಕ್ಕೆ ಹತ್ತಿ ಬೆಳಗು ಹರಿಯುವತನಕ ಎಂಟು ತಾಸು ನಡೆಯಿತೆನ್ನೋಣ. 1993ರಲ್ಲಿ ರೂಪುಗೊಂಡ ವಿಸಿಡಿ ಪದ್ಧತಿಯಲ್ಲಿ 700 ಎಂಬಿ ಡಿಸ್ಕಿಗೆ 80 ನಿಮಿಷ. ಅಂದರೆ ಆರು ಡಿಸ್ಕು. ಸಿಡಿಯನ್ನು ಬರೆಯುವುದೂ ಓದುವುದೂ ನಡುವಿನಿಂದ ಹೊರಗೆ. ಅವಸರದವನು 52 ಎಕ್ಸ್ ವೇಗದಲ್ಲಿ ಅಂಚಿನತನಕ ತುಂಬಿಸಿದರೆ ತಪ್ಪುಗಳೆಲ್ಲ ಅಂಚಿಗೇ ಹೋಗಿ ಕೂಡುತ್ತವೆ. ಬಾಳ್ಯಾನ ದ್ರೋಹದಿಂದ ಈರ್ಯಾ ಸಂಗ್ಯಾನನ್ನು ಕೊಲ್ಲುವುದೂ ಆರನೆಯ ಡಿಸ್ಕಿನ ಅಂಚಿನಲ್ಲಿ. ಅಲ್ಲಿಗೆ ಬಂದ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತದೆ. ಹೀಗಾಗಿ ಕೆಲವು ಮನೆಗಳಲ್ಲಿ ಈರ್ಯಾ ಎತ್ತಿದ ಕೈ ಇನ್ನೂ ಇಳಿಸಿಲ್ಲ, ಸಂಗ್ಯಾ ಇನ್ನೂ ಸತ್ತಿಲ್ಲ, ಬಾಳ್ಯಾನ ಮೇಲೆ ಹಾಕಬಹುದಾದದ್ದು ಪ್ರಯತ್ನದ ಕೇಸು ಮಾತ್ರ. ಜಾನಪದ ವಿದ್ವಾಂಸರು ಇದನ್ನೊಂದು ಪಾಠಾಂತರವೆಂದು ದಾಖಲಿಸಿಕೊಳ್ಳಲಿ.

ಸವದತ್ತಿ ಎಲ್ಲಮ್ಮನ ಗುಡ್ಡದ ಜಾತ್ರೆಯ ಡಿಸ್ಕು ಭಂಡಾರ ಹಚ್ಚಿಕೊಂಡೇ ಬರುತ್ತದೆ. ಸಿಡಿಯಲ್ಲಿ ಮಾಹಿತಿ 1.2 ಮಿಲಿಮೀಟರ್ ಪ್ಲಾಸ್ಟಿಕ್ಕಿನ ಆಚೆ ಇರುವುದರಿಂದ ಮೇಲಿನ ಪುಡಿ ಲೇಸರಿನ ಕಣ್ಣಿಗೆ ಅಷ್ಟಾಗಿ ಬೀಳದು; ಡಿವಿಡಿಯಲ್ಲಿ ಆ ಅಂತರ 0.6. ಎಲ್ಲಮ್ಮನ ಕೃಪೆ ಸಿಡಿಯ ಮೇಲೆ ಒಂದು ಕೈ ಹೆಚ್ಚೆಂದೇ ತೀರ್ಮಾನಿಸಬೇಕು. ಒರೆಸುವುದಿದ್ದರೆ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಧೋತರದ ಚುಂಗು ಹಿಡಿದು ಗಿರಗಿರ ತಿರುವಬಾರದು. ನಿಜವಾದ ಗಂಡಾಂತರವಿರುವುದು ಹಿಂಬದಿಯಲ್ಲಿ. ಸಿಡಿಯ ಮಾಹಿತಿ ಹೆಸರು ಬರೆಯುವ ಮಗ್ಗುಲಿಗೇ ಅಂಟಿಕೊಂಡಿದೆ. ಬಾಲ್‌ಪೆನ್ನು ಒತ್ತಿ ವಧೂವರರ ಹೆಸರು ಬರೆದವನು ಅವರ ಅಕ್ಕಿಕಾಳನ್ನೇ ಗೀಚಿ ಹಾಕಿರುತ್ತಾನೆ. ಇದಕ್ಕೆ ಯಾವ ಪ್ಲೇಯರಿನಲ್ಲೂ ಪರಿಹಾರವಿಲ್ಲ.

ರಾಮದುರ್ಗ ಸಂಸ್ಥಾನ 1948ರಲ್ಲಿ ವಿಲೀನವಾಯಿತು. ಡಿವಿಡಿಯವರು ಜಗತ್ತನ್ನು ಮತ್ತೆ ಆರು ಸಂಸ್ಥಾನ ಮಾಡಿ, ನಮ್ಮನ್ನು ರಷ್ಯಾದ ಜೊತೆ ಐದನೆಯದರಲ್ಲಿ ಕೂಡಿಸಿದರು. ವಿಡಿಯೋದಾಂವನ ಡಿಸ್ಕಿಗೆ ಈ ಗಡಿಯೇ ಇಲ್ಲ. ಎಲ್ಲ ವಲಯಕ್ಕೂ ನಡೆಯುತ್ತದೆಂದು ಅಂಗಡಿಯವ ಹೆಚ್ಚು ದುಡ್ಡು ಕೇಳಿದರೆ ಕೊಡಬೇಕಿಲ್ಲ. 1997ರ ಡಿವಿಡಿ-ಆರ್ ಎಂಬ ಮೈನಸ್ ಪಂಥ, 2002ರ ಡಿವಿಡಿ+ಆರ್ ಎಂಬ ಪ್ಲಸ್ ಪಂಥಗಳ ಜಗಳವೂ ಅಷ್ಟೇ: ಎರಡನ್ನೂ ಓದುವ ಯಂತ್ರ ತಂದು ದೂರ ಉಳಿಯುವುದು ಲೇಸು.

ಇನ್ನು ಪ್ರಮಾಣವಿಚಾರ. “ಎಲ್ಲಾ ನಡೀತಾವ್ರೀ ಸರ, ಚಿಂತಿ ಬಿಡ್ರಿ” ಎಂಬ ಅಂಗಡಿಕಾರನ ವಾಕ್ಯವನ್ನು ಶಬ್ದಪ್ರಮಾಣವೆಂದು ಒಪ್ಪಬಹುದೇ? ಒಪ್ಪಲಾಗದು. ವೇದ ಅಪೌರುಷೇಯ, ಈ ವಾಕ್ಯವನ್ನಾಡಿದ ಪುರುಷನಿಗೆ ಕಮಿಷನ್ ಇದೆ. ಪೆಟ್ಟಿಗೆಯ ಮೇಲಿನ ಚೀಟಿ ಓದಿ ತಿಳಿಯುವುದು ಅನುಮಾನ, ಬೀಗರ ಮನೆಯ ಪ್ಲೇಯರ್ ನೋಡಿ ತಿಳಿಯುವುದು ಉಪಮಾನ, ಎರಡೂ ಅರ್ಧಂಬರ್ಧ. ವಿಡಿಯೋದಾಂವನನ್ನು ಕೇಳಿದರೆ “ನಮ್ಮಲ್ಲಿ ಛಲೋ ನಡೀತೈತಲ್ರಿ” ಎನ್ನುತ್ತಾನೆ. ಅವನು ನೋಡಿದ್ದು ಕಂಪ್ಯೂಟರಿನಲ್ಲಿ. ಬರೆದು ಮುಚ್ಚದ, ಅಂದರೆ ಫೈನಲೈಜ್ ಮಾಡದ ಡಿಸ್ಕೂ ಅಲ್ಲಿ ಓಡೀತು, ಪ್ಲೇಯರಿನಲ್ಲಿ ಓಡದು.

ಉಳಿದದ್ದು ಪ್ರತ್ಯಕ್ಷ. ಕಿತ್ತೂರಿನವರು ಬೆಳಗಾವಿಗೋ ಧಾರವಾಡಕ್ಕೋ ಬಸ್ ಹತ್ತುವಾಗ ಲಗ್ನದ ಕೊನೆಯ ಡಿಸ್ಕನ್ನು ಚೀಲದಲ್ಲಿಟ್ಟುಕೊಳ್ಳಲಿ. ಅಂಗಡಿಯಲ್ಲಿ ಮೊದಲು ಹೆಸರಿಲ್ಲದ ಅಗ್ಗದ ಚೀನೀ ಯಂತ್ರಕ್ಕೆ ಹಾಕಿಸಬೇಕು, ಆಮೇಲೆ ಹೆಸರುವಾಸಿಗೆ. ಕುಲೀನರು ಉಗುಳಿದ್ದನ್ನು ಅನಾಮಿಕರು ನುಂಗಿದ ನಿದರ್ಶನಗಳು ಬೇಕಾದಷ್ಟಿವೆ. ಅರಿಷಿಣದ ಭಾಗ ಓಡಿತೆಂದು ಹಿಗ್ಗಿ ದುಡ್ಡು ಎಣಿಸಬಾರದು. ಕೊನೆಯ ಹತ್ತು ನಿಮಿಷ ಹಾಕಿಸಬೇಕು. ಅಂಗಡಿಕಾರನೂ ಅಲ್ಲಿದ್ದ ಗಿರಾಕಿಗಳೂ ಕದಲದೆ ನಿಂತು ನೋಡಿ, ಯಾರಾದರೊಬ್ಬರು “ಹುಡುಗಿ ಯಾವೂರಾಕಿರೀ?” ಎಂದು ಕೇಳಿದರೆ ಪ್ರಯೋಗ ಸಿದ್ಧಿಸಿತು, ಚೌಕಾಸಿ ಅಲ್ಲಿಂದ ಶುರು ಮಾಡಬಹುದು.