ದಸ್ತಿ ಬಿದ್ದೈತಿ, ಯಾರದ್ರಿ?

ದೀಪಾವಳಿ ವಿಶೇಷಾಂಕ ಬಂದಿದೆ. ಮೊದಲ ಕಥೆಯ ಎರಡನೇ ಪುಟದಲ್ಲೇ ಹುಡುಗಿಯ ಕರ್ಚೀಪು ಬಿದ್ದಿದೆ.

ಮುಂದಿನದು ನಿಮಗೂ ಗೊತ್ತು. ಹುಡುಗ ಎತ್ತಿಕೊಳ್ಳುತ್ತಾನೆ. ಮೂಲೆಯಲ್ಲಿ ಕಸೂತಿ ಹಾಕಿದ ಒಂದಕ್ಷರ. ಮಲ್ಲಿಗೆಯ ಘಮ. ದಿಂಬಿನ ಕೆಳಗಿಟ್ಟುಕೊಂಡು ಆರು ತಿಂಗಳು ನಿದ್ದೆಗೆಡುತ್ತಾನೆ. ವಾಪಸ್ ಕೊಡಬೇಕೆಂಬ ಬುದ್ಧಿ ಮಾತ್ರ ಹುಟ್ಟುವುದಿಲ್ಲ. ಮಂದಿಯ ಸಾಮಾನು ಎತ್ತಿಟ್ಟುಕೊಂಡವನಿಗೆ ನಮ್ಮ ಕಡೆ ಪ್ರೇಮಿ ಅನ್ನುವುದಿಲ್ಲ.

ಮಲ್ಲಿಗೆಯ ಘಮವಂತೆ! ಏಪ್ರಿಲ್ ಬಿಸಿಲಲ್ಲಿ ರೋಣದ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ತಾಸು ನಿಂತವರ ಕರ್ಚೀಪನ್ನು ಈ ಕಥೆಗಾರ ಒಮ್ಮೆ ಮೂಸಬೇಕು. ಎರೆಮಣ್ಣಿನ ಧೂಳು, ಬೆವರು, ಮಿರ್ಚಿ ತಿಂದು ಒರೆಸಿದ ಎಣ್ಣೆ. ಹಿಂಡಿದರೆ ಕಪ್ಪು ನೀರು.

ಇಲ್ಲಿ ಕರ್ಚೀಪಿಗೆ, ಹಳಬರ ಬಾಯಲ್ಲಿ ದಸ್ತಿಗೆ, ಇರುವ ಘನಕಾರ್ಯ ಒಂದೇ: ಸೀಟು ಹಿಡಿಯುವುದು. ಗಜೇಂದ್ರಗಡದ ಬಸ್ಸು ಇನ್ನೂ ನಿಂತಿರುವುದಿಲ್ಲ. ಜನ ಜೊತೆಗೆ ಓಡುತ್ತಾರೆ. ಕಿಟಕಿಯಿಂದ ದಸ್ತಿ ಒಳಗೆ ಬೀಳುತ್ತದೆ. ದಸ್ತಿಯ ಮಾಲಕ ಆಮೇಲೆ ಸಾವಕಾಶ ಹತ್ತುತ್ತಾನೆ.

‘ಯಾರರ ಅದಾರೇನ್ರಿ ಇಲ್ಲೆ?’

‘ದಸ್ತಿ ಕಾಣವಲ್ದೇನ?’

ಮುಗಿಯಿತು. ಬಾಣಂತಿ ಕೂಸು ಹೊತ್ತು ನಿಂತಿರಲಿ, ಆ ಜಾಗ ಗೇಣಗಲದ ಅರಿವೆಯದ್ದು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳೂ ಒಗೆಯುವುದರಲ್ಲಿ ಪಳಗಿದ್ದಾರೆ. ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಕುರ್ಚಿಗೆ ಟವೆಲ್ ಹಾಕುವವರು ಈ ವಿದ್ಯೆ ಕಲಿತದ್ದೂ ಇಂಥದೇ ಯಾವುದೋ ಬಸ್‌ಸ್ಟ್ಯಾಂಡಿನಲ್ಲಿ.

ಕಥೆಗಾರನೂ ಮಾಡುವುದು ಅದನ್ನೇ. ಹುಡುಗಿಯ ಬಾಯಿಂದ ಒಂದು ನೆಟ್ಟಗಿನ ಮಾತು ಆಡಿಸುವ ಧೈರ್ಯ ಅವನಿಗಿಲ್ಲ. ಅರಿವೆ ಒಗೆದು ಜಾಗ ಹಿಡಿಯುತ್ತಾನೆ.

ಅದೂ ಎರವಿನ ಅರಿವೆ. ಒಥೆಲೋ ನಾಟಕದ ಕರವಸ್ತ್ರಕ್ಕೆ ಸ್ಟ್ರಾಬೆರಿಯ ಕಸೂತಿ ಇತ್ತು. ಹೆಂಡತಿ ಬೀಳಿಸಿದಳು, ಸಖಿ ಎತ್ತಿದಳು, ಇಯಾಗೋ ಅದನ್ನು ಕ್ಯಾಸಿಯೋನ ಕೋಣೆಗೆ ಮುಟ್ಟಿಸಿದ. ಸಂಶಯಕ್ಕೆ ಬಿದ್ದ ಗಂಡ ಹೆಂಡತಿಯ ಉಸಿರುಗಟ್ಟಿಸಿ ಕೊಂದ. ಒಂದು ಕರವಸ್ತ್ರಕ್ಕೆ ಇಷ್ಟೊಂದು ರಂಪವೇ ಎಂದು ಥಾಮಸ್ ರೈಮರ್ ಎಂಬ ಇಂಗ್ಲಿಷ್ ವಿಮರ್ಶಕ 1693ರಲ್ಲೇ ಸಿಡುಕಿದ್ದ. ಮೈಸೂರಿನ ಬಸವಪ್ಪ ಶಾಸ್ತ್ರಿಗಳು ಕಾಳಿದಾಸನ ಶಾಕುಂತಲವನ್ನೂ ಕನ್ನಡಿಸಿದರು, ಒಥೆಲೋನನ್ನು ‘ಶೂರಸೇನ ಚರಿತ್ರೆ’ಯನ್ನಾಗಿಯೂ ಮಾಡಿದರು. ಕಾಳಿದಾಸನ ಉಂಗುರ ಕಳೆದು ಸಿಕ್ಕಿತು, ಗಂಡನಿಗೆ ಹೆಂಡತಿ ನೆನಪಾದಳು. ಶೇಕ್ಸ್‌ಪಿಯರನ ಕರವಸ್ತ್ರ ಕಳೆದು ಸಿಕ್ಕಿತು, ಹೆಣ ಬಿತ್ತು.

ನಮ್ಮ ಪ್ರೇಮಕಥೆಗಾರರು ಅರ್ಧ ಓದಿದರು. ಬಿದ್ದದ್ದು ತಲೆಗೆ ಹೋಯಿತು. ಕೊಂದದ್ದು ಹೋಗಲಿಲ್ಲ.

ಇಲ್ಲಿ ಅರಿವೆಗೇನು ಬರವೇ? ಗಜೇಂದ್ರಗಡದ ಮಗ್ಗದಲ್ಲಿ ಪಟ್ಟೆದಂಚಿನ ಸೀರೆ ಹುಟ್ಟಿತು. ಸವದತ್ತಿ ಎಲ್ಲಮ್ಮನಿಗೂ ಅದನ್ನೇ ಏರಿಸುತ್ತಾರೆ. ಸೆರಗಿದ್ದವಳಿಗೆ ಕರ್ಚೀಪು ಯಾಕೆ? ಬೆವರು, ಕಣ್ಣೀರು, ಕೂಸಿನ ಸಿಂಬಳ, ಒಲೆ ಮೇಲಿನ ಸುಡುವ ಪಾತ್ರೆ, ಎಲ್ಲಕ್ಕೂ ಅದೇ ಸೆರಗು. ಗಂಡಸಿನ ಹೆಗಲಿಗೆ ವಲ್ಲಿ. ನರಗುಂದದಲ್ಲಿ 1980ರ ಜುಲೈನಲ್ಲಿ ನೀರಿನ ಕರದ ವಿರುದ್ಧ ರೈತರು ಎದ್ದರು, ಗುಂಡು ಬಿತ್ತು. ಮುಂದೆ ರೈತ ಸಂಘದ ಹೆಗಲಿಗೆ ಹಸಿರು ವಲ್ಲಿ ಬಂತು. ಈಗ ಅದನ್ನು ಮಂತ್ರಿಗಳು ಪ್ರಮಾಣವಚನದ ದಿನ ಒಂದು ತಾಸು ಎರವಲು ಪಡೆಯುತ್ತಾರೆ. ಆ ಎರವಲಿನ ಮೇಲೆ ಯಾರೂ ಕಥೆ ಬರೆಯುವುದಿಲ್ಲ.

ಇನ್ನೊಂದು ತಮಾಷೆ. ದಸ್ತಿ ಕಾಣಿಕೆ ಕೊಟ್ಟರೆ ಸಂಬಂಧ ಹರಿಯುತ್ತದೆ ಎಂದು ನಂಬುವ ಜನ ನಾವು. ಕೊಡಲೇಬೇಕಾದರೆ ಒಂದು ರೂಪಾಯಿ ತೆಗೆದುಕೊಂಡು ‘ಮಾರಿದೆ’ ಅನ್ನುತ್ತೇವೆ. ಕಥೆಯ ಹುಡುಗನಿಗೆ ಈ ಒಂದು ರೂಪಾಯಿಯ ವ್ಯವಹಾರ ಗೊತ್ತಿಲ್ಲ. ಅವನು ಈ ಊರಿನವನೇ ಅಲ್ಲ. ಅವನಿಗೆ ಜಾತಿಯಿಲ್ಲ, ಅಡ್ಡಹೆಸರಿಲ್ಲ, ಓಣಿಯಿಲ್ಲ. ಕರ್ಚೀಪಿನ ಮೂಲೆಯಲ್ಲಿ ಒಂದೇ ಅಕ್ಷರ ಇರುವುದು ಅದಕ್ಕೇ ಇರಬೇಕು. ಪೂರ್ತಿ ಹೆಸರು ಹಾಕಿದರೆ ಓಣಿ ಗೊತ್ತಾಗಿಬಿಡುತ್ತದೆ.

ಇಂಥ ಕಥೆ ಓದಿ ಕಣ್ಣೊರೆಸಿಕೊಳ್ಳುವ ಒಬ್ಬ ಹಿರಿಯರನ್ನು ಬಲ್ಲೆ. ಹೋದ ತಿಂಗಳು ಇದೇ ಬಸ್‌ಸ್ಟ್ಯಾಂಡಿನಲ್ಲಿ ಕಾಲೇಜಿನ ಹುಡುಗ ಹುಡುಗಿ ಕಬ್ಬಿನ ಹಾಲು ಕುಡಿಯುತ್ತ ಮಾತಾಡುತ್ತಿದ್ದರು. ಕರ್ಚೀಪು ಬೀಳಿಸಿರಲಿಲ್ಲ, ಬರೀ ಮಾತು. ಹಿರಿಯರು ಮೊಬೈಲ್ ತೆಗೆದು ಹುಡುಗಿಯ ಕಾಕಾಗೆ ಫೋನ್ ಮಾಡಿದರು. ‘ನಿಮ್ಮ ಹುಡುಗಿ ಇಲ್ಲೆ ನಿಂತೈತಿ, ನೋಡಿಕೋರಿ.’ ಮೊಬೈಲ್ ಜೇಬಿಗಿಟ್ಟು, ಅದೇ ಜೇಬಿನಿಂದ ದಸ್ತಿ ತೆಗೆದು ಬೆವರು ಒರೆಸಿಕೊಂಡರು. ಕರ್ತವ್ಯ ಮುಗಿಸಿದ ಬೆವರು.

ಗಜೇಂದ್ರಗಡದ ಹತ್ತಿರ ಲಕ್ಕಲಕಟ್ಟಿ ಇದೆ. ಅಲ್ಲಿಯ ಒಂದು ಜೋಡಿ ಕಥೆಗಾರರಿಗಿಂತ ಗಟ್ಟಿ. ಸುಳಿವು, ಸಂಕೇತ ಎಂದು ಕೂರದೆ ಜಾತಿ ಮೀರಿ ಮದುವೆಯಾಗಿ, ಬೇರೆ ಕಡೆ ದುಡಿದು, ಮಕ್ಕಳನ್ನೂ ಹೆತ್ತಿದ್ದರು. 2019ರಲ್ಲಿ ದೀಪಾವಳಿಗೆಂದು ಊರಿಗೆ ಬಂದರು. ನವೆಂಬರ್ ಮೊದಲ ವಾರ ಹೆಣ್ಣಿನ ಕಡೆಯವರು ಇಬ್ಬರನ್ನೂ ಕಲ್ಲಿನಿಂದ ಹೊಡೆದು ಕೊಂದರು. 2025ರ ಜನವರಿಯಲ್ಲಿ ಗದಗದ ನ್ಯಾಯಾಲಯ ನಾಲ್ವರಿಗೆ ಗಲ್ಲು ಶಿಕ್ಷೆ ವಿಧಿಸಿತು.

ಆ ದೀಪಾವಳಿಯ ಕಥೆಯನ್ನು ಈ ವಿಶೇಷಾಂಕದಲ್ಲೂ ಹುಡುಕಿದೆ. ಸಿಗಲಿಲ್ಲ. ಒಟ್ಟು ಹನ್ನೊಂದು ಕಥೆಗಳಿವೆ. ಮೂರರಲ್ಲಿ ಕರ್ಚೀಪು ಬಿದ್ದಿದೆ.