ದೋಣಿಯಲ್ಲಿ ಎದ್ದು ನಿಲ್ಲಬಾರದು

ಲವ್‌ಡೇಲ್‌ನಲ್ಲಿ ನೀರೆಂದರೆ ಮೇಲಿಂದ ಬೀಳುವುದು, ಬಿದ್ದದ್ದು ಇಳಿಜಾರು ಹಿಡಿದು ಓಡಿಹೋಗುವುದು. ದೋಣಿ ನೋಡಬೇಕೆಂದರೆ ಊಟಿಗೇ ಹೋಗಬೇಕು; ಜಾನ್ ಸಲಿವನ್ 1820ರ ದಶಕದಲ್ಲಿ ಕಟ್ಟಿಸಿದ ಕೆರೆಯಲ್ಲಿ ಈಗ ಹನಿಮೂನಿನವರು ಪೆಡಲ್ ತುಳಿಯುತ್ತಾರೆ. ಇಂಥ ಊರಿನ ನಾವು ನಾಲ್ವರು ಪಿಂಚಣಿದಾರರು ಕೇರಳದ ಕೊಲ್ಲಂನಿಂದ ಕೊಟ್ಟಪುರಂವರೆಗೆ, 168 ಕಿಲೋಮೀಟರ್, ಹುಟ್ಟು ಹಾಕಿಕೊಂಡೇ ಹೋಗುವುದೆಂದು ತೀರ್ಮಾನಿಸಿದೆವು. ಡಯಾಲಿಸಿಸ್‌ಗೆಂದು ಘಾಟಿ ಇಳಿದು ಕೊಯಮತ್ತೂರಿಗೆ ಅಲೆಯುವ ಬಡವರ ಬಸ್ಸು, ಔಷಧಿ ಖರ್ಚಿಗೆ ದುಡ್ಡೆತ್ತುವುದು ಉದ್ದೇಶ. 1993ರಲ್ಲೇ ರಾಷ್ಟ್ರೀಯ ಜಲಮಾರ್ಗವಾದ ದಾರಿ ಅದು, ಹುಡುಗಾಟವಲ್ಲ. "ಅಷ್ಟು ಖರ್ಚು ಮಾಡ್ಕೊಂಡು ಹೋಗೋ ಬದ್ಲು ಆ ದುಡ್ಡನ್ನೇ ಕೊಡಬಾರ್ದೇನ್ರೀ?" ಎಂದ ನನ್ನ ಹೆಂಡತಿಯನ್ನು ಸಮಿತಿಗೆ ಸೇರಿಸಿಕೊಳ್ಳಲಿಲ್ಲ.

ಮೊದಲು ನಾನು ಸೂಚಿಸಿದ್ದು ಬಕಿಂಗ್‌ಹ್ಯಾಮ್ ಕಾಲುವೆ. ಅದು ಸೇರುವ ಕೂವಂ ನದಿಯ ನಾತ ನೆನೆದೇ ಮೂವರೂ ಮೂಗು ಮುಚ್ಚಿದರು. ಅದರ ಚರಿತ್ರೆ ಓದಿದ ಮೇಲೆ ನನ್ನ ಹುರುಪೂ ಇಳಿಯಿತು. 1877-78ರ ಬರದಲ್ಲಿ ಮದರಾಸಿನ ಅಡ್ಯಾರ್ ನದಿಗೂ ಕೂವಂಗೂ ನಡುವೆ ಆ ಕಾಲುವೆ ತೋಡಿದವರು ಹಸಿದವರು. ಆ ಬರದ ಪರಿಹಾರ ಕಾಮಗಾರಿಗಳಲ್ಲಿ ಒಂದು ಹಂತದಲ್ಲಿ ಗಂಡಾಳಿಗೆ ದಿನಕ್ಕೆ ಸಿಕ್ಕಿದ್ದು ಒಂದು ಪೌಂಡು ಧಾನ್ಯ, ಒಂದಾಣೆ. ಕಾಲುವೆಗೆ ಉಳಿದದ್ದು ಗವರ್ನರ್ ಡ್ಯೂಕನ ಹೆಸರು. ಆ ಕಾಮಗಾರಿಯೂ ಧರ್ಮಕಾರ್ಯದ ಲೆಕ್ಕಕ್ಕೇ ಸೇರಿತು. ಇಷ್ಟು ಹೇಳಿ ಮುಗಿಸಿದರೆ ನಮ್ಮ ಪೋಸ್ಟ್‌ಮಾಸ್ತರರು, "ಟೀ-ಶರ್ಟಿನಲ್ಲಿ ನಮ್ಮ ಹೆಸರು ಎದೆ ಮೇಲೋ, ಬೆನ್ನ ಮೇಲೋ?" ಎಂದು ಕೇಳಿದರು. ಇವರ ಜೊತೆ ಒಂದೇ ದೋಣಿಯಲ್ಲಿ!

ಇಕ್ಕಟ್ಟಿನಲ್ಲಿ ಕೂತು ಅಭ್ಯಾಸವಾಗಲೆಂದು ನಮ್ಮ ಅಂಗಳದಲ್ಲಿ ರಂಗೋಲಿ ಪುಡಿಯಿಂದ ದೋಣಿ ಬರೆದೆವು. ಅಳತೆ ಪಕ್ಕಾ. ಗೆರೆಯ ಹೊರಗೆಲ್ಲ ನೀರು. ಎರಡು ಗಂಟೆ ಯಾರೂ ಇಳಿಯಕೂಡದು. ಹಿಡಿಸೂಡಿಗಳೇ ಹುಟ್ಟು. ಹತ್ತು ನಿಮಿಷಕ್ಕೆ ಮಂಜು ಕವಿಯಿತು, ಚಹಾ ಕಾರ್ಖಾನೆಯ ಮಾಜಿ ಗುಮಾಸ್ತರಿಗೆ ಕಾಲು ಜೋಮು ಹಿಡಿಯಿತು. ಎದ್ದರು. "ಕೂತ್ಕೊಳ್ರೀ, ಮಗುಚುತ್ತೆ!" ಎಂದು ಮೂವರೂ ಕಿರುಚಿದೆವು, ನಾನಂತೂ ನಿಜವಾಗಿಯೂ ಪಕ್ಕಕ್ಕೆ ವಾಲಿ ಗೆರೆ ಹಿಡಿದುಕೊಂಡೆ. ಒಳಗೆ ಫೋನು ಬಡಿದುಕೊಂಡಿತು. ಹಾಲು ಉಕ್ಕಿದ ವಾಸನೆ ಬಂತು. ಯಾರೂ ಕದಲಲಿಲ್ಲ. ಕ್ಯಾರೆಟ್ ಮೂಟೆ ಹೊತ್ತು ಬಂದ ಪಕ್ಕದ ಬಡಗ ಹೆಂಗಸು ದಾರಿಯಲ್ಲೇ ನಿಂತು, ಯಾವ ಹಬ್ಬ ಎಂದು ವಿಚಾರಿಸಿದಳು. ಪೋಸ್ಟ್‌ಮಾಸ್ತರರು ಗಂಭೀರವಾಗಿ ಹುಟ್ಟು ಹಾಕುತ್ತಲೇ, "ಆಲಪ್ಪುಳ ಹತ್ತಿರ ಬಂತು" ಎಂದರು. ಅಷ್ಟರಲ್ಲಿ ನನ್ನ ಹೆಂಡತಿ ಸೀದಾ ವೇಂಬನಾಡು ಕಾಯಲಿನ ಮೇಲೆ ನಡೆದು ಬಂದು ಕಾಫಿ ಕೊಟ್ಟಳು. ನಿಯಮದಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ.

ಅವಳ ಹಿಂದೆಯೇ ಹಾಲಿನ ಹುಡುಗ ಬಂದ. ಗೆರೆಯಂಚಿನಲ್ಲಿ ತಡೆದು ನಿಂತು, ಚಪ್ಪಲಿ ಕಳಚಿ, ಪ್ಯಾಂಟು ಮೊಳಕಾಲಿನವರೆಗೆ ಮಡಚಿಕೊಂಡ. ನಾವು ನಾಲ್ವರೂ ಅವನನ್ನು ಆ ಕ್ಷಣವೇ ಮೆಚ್ಚಿಕೊಂಡೆವು. ವಿಷಯ ಕೇಳಿ, ತನ್ನ ಮಾವನೂ ವಾರಕ್ಕೆರಡು ಸಲ ಕೊಯಮತ್ತೂರಿಗೆ ಹೋಗುತ್ತಾನೆಂದ. ಜೇಬಿನಿಂದ ಐವತ್ತು ರೂಪಾಯಿ ತೆಗೆದು ಚಾಚಿದ. ಬೇಡವೆಂದರೂ ಕೇಳಲಿಲ್ಲ. ಯಾರಿಗೂ ಮಾತು ಹೊರಡಲಿಲ್ಲ. ಗುಮಾಸ್ತರು ಮಾತ್ರ, ಖಜಾಂಚಿಯಾದ್ದರಿಂದ, ರಸೀದಿ ಕೊಡದೆ ದುಡ್ಡು ಮುಟ್ಟುವಂತಿಲ್ಲ ಎಂದರು. ರಸೀದಿ ಪುಸ್ತಕ ಅವರ ಮನೆಯಲ್ಲಿತ್ತು. ಅವರು ಇಳಿಯುವಂತಿರಲಿಲ್ಲ, ಇನ್ನೂ ಒಂದು ಗಂಟೆ ಇಪ್ಪತ್ತು ನಿಮಿಷ ಬಾಕಿಯಿತ್ತು.