ಕಳ್ಳನೊಬ್ಬನನ್ನು ಬಿಟ್ಟು

ನಮ್ಮ ಬೀದಿಗೆ ಮೊದಲು ಸಿಸಿ ಕ್ಯಾಮೆರಾ ಬಂದದ್ದು ಮೂಲೆಯ ಕಲ್ಯಾಣ ಮಂಟಪಕ್ಕೆ, ಅದೂ ಕಾನೂನಿನ ಭಯಕ್ಕೆ. ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯ ಪ್ರಕಾರ, ಒಂದೇ ಸಲಕ್ಕೆ 100 ಜನ ಇಲ್ಲವೇ ದಿನಕ್ಕೆ 500 ಜನ ಸೇರುವ ಜಾಗದಲ್ಲಿ ಕ್ಯಾಮೆರಾ ಇರಬೇಕು, ಅದು ಹಿಡಿದದ್ದನ್ನು 30 ದಿನ ಜೋಪಾನವಾಗಿ ಇಟ್ಟಿರಬೇಕು. ಇದನ್ನು ಪೇಪರಿನಲ್ಲಿ ಓದಿದ ಅಪ್ಪ, ಗೌರಿ ಹಬ್ಬಕ್ಕೆ ಅಮ್ಮನ ಹತ್ತಿರ ಅರಿಶಿನ ಕುಂಕುಮಕ್ಕೆ ಬರುವವರನ್ನು ಬೆರಳು ಮಡಿಸಿ ಎಣಿಸಿ, "ನಮ್ಮ ಮನೆಗೂ ಅನ್ವಯಿಸುತ್ತೆ" ಎಂದು ತೀರ್ಪು ಕೊಟ್ಟರು. ಅನ್ವಯಿಸುವುದಿಲ್ಲ. ಆದರೆ ರಿಟೈರಾದವರಿಗೆ ಏನಾದರೊಂದು ಕಾಮಗಾರಿ ಬೇಕಲ್ಲ.

ಇಬ್ಬರು ಹುಡುಗರು ಬಂದರು. ಒಬ್ಬ ಏಣಿ ಹತ್ತುವವನು, ಇನ್ನೊಬ್ಬ ಕೆಳಗೆ ನಿಂತು ಮೊಬೈಲಿನಲ್ಲಿ ನೋಡುತ್ತಾ "ಇನ್ನೊಂಚೂರು ಎಡಕ್ಕೆ" ಅನ್ನುವವನು. "ಬುಲೆಟ್ ಹಾಕ್ಲಾ ಸರ್, ಡೋಮ್ ಹಾಕ್ಲಾ?" ಎಂದು ಕೇಳಿದ್ದೇ ತಡ, ಅಡುಗೆಮನೆಯಿಂದ ಅಮ್ಮ, "ಬುಲೆಟ್ಟು ಗಿಲೆಟ್ಟು ಬೇಡಪ್ಪ, ಮೊಮ್ಮಕ್ಕಳು ಬರೋ ಮನೆ" ಅಂದರು. ಆಮೇಲೆ ಲೆನ್ಸಿನ ವಿಚಾರ. 2.8 ಎಂಎಂ ಹಾಕಿದರೆ ಗೇಟು, ಕಾಂಪೌಂಡು, ಎದುರು ಮನೆಯ ಸಂಪಿಗೆ ಮರದವರೆಗೂ ಕಾಣುತ್ತೆ, ಆದರೆ ಸ್ವಲ್ಪ ದೂರ ನಿಂತವನ ಮುಖ ಗುರುತು ಸಿಗುವುದಿಲ್ಲ. 6 ಎಂಎಂ ಹಾಕಿದರೆ ಗೇಟಿನಲ್ಲಿ ನಿಂತವನ ಮುಖ ಚೆನ್ನಾಗಿ ಸಿಗುತ್ತೆ, ಕಾಂಪೌಂಡು ಹಾರುವವನು ಕಾಣುವುದಿಲ್ಲ.

"ಕಳ್ಳ ಗೇಟಿಂದ ಬರ್ತಾನೇನಯ್ಯಾ?"

"ಅದು ಅವನಿಷ್ಟ ಸರ್."

ನಿಜವಾದ ಜಗಳ ಹತ್ತಿದ್ದು ದೃಷ್ಟಿ ಗೊಂಬೆಯ ದೆಸೆಯಿಂದ. ಸಜ್ಜೆಯ ಕೆಳಗೆ ಮೀಸೆ ತಿರುವಿ, ನಾಲಿಗೆ ಚಾಚಿಕೊಂಡು ಅದು ನೇತಾಡುತ್ತಿದ್ದ ಜಾಗವೇ ಕ್ಯಾಮೆರಾಕ್ಕೆ ಒಳ್ಳೇ ಪಾಯಿಂಟಂತೆ. ಅಮ್ಮ ಜಪ್ಪಯ್ಯ ಅಂದರೂ ಬಿಡಲಿಲ್ಲ. ಊರ ಕಣ್ಣು ಬೀಳಬಾರದು ಅಂತ ಕಟ್ಟಿದ್ದನ್ನು ತೆಗೆದು ಅಲ್ಲಿಗೇ ಒಂದು ಕಣ್ಣು ಕೂರಿಸುತ್ತೀರಾ ಎಂಬ ಅವರ ಪ್ರಶ್ನೆಗೆ ಹುಡುಗರ ಹತ್ತಿರ ವಯರಿತ್ತು, ಉತ್ತರವಿರಲಿಲ್ಲ. ಕೊನೆಗೆ ಎರಡೂ ಉಳಿದವು. ಗಾಳಿ ಬೀಸಿದಾಗಲೆಲ್ಲ ನಮ್ಮ ಟಿವಿಯ ತುಂಬ ಒಂದು ಕೆಂಪು ನಾಲಿಗೆ ಬಂದು ಹೋಗುತ್ತದೆ.

ಕ್ಯಾಮೆರಾ ಕಂಡದ್ದನ್ನೆಲ್ಲ ದಾಖಲಿಸಿಡುವ ಡಿವಿಆರ್ ಎಲ್ಲಿಡಬೇಕು ಎಂಬುದು ಇನ್ನೊಂದು ರಾಮಾಯಣ. ಈಗಿನ ಕಳ್ಳರು ಹೋಗುವಾಗ ಆ ಡಬ್ಬವನ್ನೇ ಕಿತ್ತುಕೊಂಡು ಹೋಗುತ್ತಾರಂತೆ. ಅಪ್ಪ ಅದನ್ನು ಅಟ್ಟದ ಮೇಲಿನ ಹಿತ್ತಾಳೆ ಹಂಡೆಯೊಳಗೆ ಬಚ್ಚಿಡಲು ಹೊರಟಿದ್ದರು. ಬಿಸಿಯಾಗುತ್ತೆ, ಗಾಳಿಯಾಡಬೇಕು ಅಂದ ಮೇಲೆ ದೇವರ ಕೋಣೆಯ ಮೇಲ್ಗಡೆ ಶೆಲ್ಫಿಗೆ ಬಡ್ತಿ ಸಿಕ್ಕಿತು. ದಿನಾ ಮಂಗಳಾರತಿ ಅದಕ್ಕೂ ಆಗುತ್ತಿದೆ.

ರಾತ್ರಿಯ ಕಾವಲು ಮಾತ್ರ ಬೇರೆಯದೇ ಕಥೆ. ಕತ್ತಲಲ್ಲಿ ನೋಡಲು ಕ್ಯಾಮೆರಾ ನಮಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಡುತ್ತದೆ. ಅಲ್ಲಿ ಹುಳು ಸುಳಿಯುತ್ತವೆ, ಹುಳುವಿಗಾಗಿ ಜೇಡ ಬರುತ್ತದೆ, ಜೇಡ ಲೆನ್ಸಿನ ಮುಂದೆಯೇ ಬಲೆ ನೇಯುತ್ತದೆ. ನಡುರಾತ್ರಿ ಮೊಬೈಲು ಬಡಕೊಂಡು, ಎದ್ದು ನೋಡಿದರೆ ಗೇಟಿನಷ್ಟು ದೊಡ್ಡ ಎಂಟು ಕಾಲಿನ ಜೀವಿ. ಅದೇ ಬೆಳಕು ನಂಬರ್ ಪ್ಲೇಟಿಗೆ ಬಡಿದರೆ ಪ್ಲೇಟು ಬೆಳ್ಳಗೆ ಹೊಳೆದು ಅಕ್ಷರವೇ ಅಳಿಸಿಹೋಗುತ್ತದೆ. ಹಾಗಾಗಿ ನಮ್ಮಲ್ಲಿ ಕಳ್ಳನ ದಾಖಲೆ ಇಲ್ಲ. ಉಳಿದೆಲ್ಲ ಇದೆ: ಯಾರ ನಾಯಿ ಯಾರ ಚಪ್ಪಲಿ ಕಚ್ಚಿಕೊಂಡು ಹೋಯಿತು, ಪಾರಿಜಾತವನ್ನು ನಸುಕಿನಲ್ಲೇ ಬಿಡಿಸಿದವರು ಯಾರು, ಕಸದ ಕವರನ್ನು ಪಕ್ಕದ ಖಾಲಿ ಸೈಟಿಗೆ ಎಸೆದ ಸಭ್ಯರು ಯಾರು. ಬೀದಿಯವರೆಲ್ಲ "ನಿಮ್ಮನೆ ಫುಟೇಜ್ ಒಂಚೂರು" ಎಂದು ಬರತೊಡಗಿದ ಮೇಲೆ ಕಾಫಿಪುಡಿಯ ಖರ್ಚು ಏರಿದೆ.

ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. 1991ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನಿಗಳು, ಮುಂದೆ ಜಗತ್ತಿನ ಮೊದಲ ವೆಬ್ ಕ್ಯಾಮೆರಾ ಎನಿಸಿಕೊಂಡದ್ದನ್ನು ಇಟ್ಟದ್ದು ಯಾವ ಖಜಾನೆ ಕಾಯುವುದಕ್ಕೂ ಅಲ್ಲ, ಟ್ರೋಜನ್ ರೂಮಿನ ಹತ್ತಿರ ಇದ್ದ ಕಾಫಿ ಪಾತ್ರೆ ಖಾಲಿಯಾಗಿದೆಯೇ ಎಂದು ಕೂತಲ್ಲಿಂದಲೇ ನೋಡುವುದಕ್ಕೆ. ಎದ್ದು ಹೋದ ಮೇಲೆ ಕಾಫಿ ಇಲ್ಲ ಅಂದರೆ ಆಗುವ ಸಂಕಟ ಮೈಸೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2001ರವರೆಗೂ ಆ ಕ್ಯಾಮೆರಾ ನಡೆಯಿತು.

ನಮ್ಮಲ್ಲಿ ಅಂಥದ್ದು ಇರುವುದು ಮಹಡಿಯ ಮೇಲೆ. ನೀರಿನ ಟ್ಯಾಂಕು ಕಾಣಲಿ ಅಂತ ಹಾಕಿಸಿದ, ಮಾತೂ ಆಡುವ ವೈಫೈ ಕ್ಯಾಮೆರಾ. ಅದರ ಪಾಸ್‌ವರ್ಡ್ ಕ್ಯಾಲಿಫೋರ್ನಿಯಾದ ಅಣ್ಣನಿಗೂ ಹೋಗಿದೆ. ಬೇಸಗೆಯಲ್ಲಿ ಅಲ್ಲಿಗೂ ಇಲ್ಲಿಗೂ ಹನ್ನೆರಡೂವರೆ ಗಂಟೆ ಅಂತರ. ಇಲ್ಲಿ ಅಮ್ಮ ಹಳೇ ಪಂಚೆ ಹಾಸಿ ಹಪ್ಪಳ ಹರಡುವ ಹೊತ್ತಿಗೆ ಅಲ್ಲಿ ಅವನಿಗೆ ರಾತ್ರಿ ಊಟ ಮುಗಿದಿರುತ್ತದೆ. ಇದ್ದಕ್ಕಿದ್ದಂತೆ ಆಕಾಶವಾಣಿ: "ಅಮ್ಮಾ, ಆ ಕಡೆ ಮೂಲೆಗೆ ಕಾಗೆ ಬಂತು!" "ಮೋಡ ಕಟ್ತಿದೆ ಕಣಮ್ಮ, ಎತ್ತಿಡು!" ಇಲ್ಲಿದ್ದಾಗ ಒಂದು ದಿನವೂ ಹಪ್ಪಳ ಕಾಯಲು ಮೇಲೆ ಹತ್ತದ ಮಹಾನುಭಾವ.

ಅಮ್ಮನಿಗೆ ಪರಮಾನಂದ. ಅಪ್ಪನಿಗೆ ಫಜೀತಿ. ಅರೆ ಒಣಗಿದ ಹಪ್ಪಳವನ್ನು ಮುರಿದು ಬಾಯಿಗೆ ಹಾಕಿಕೊಳ್ಳುವುದು ಅವರ ಎಷ್ಟೋ ವರ್ಷದ ಅಭ್ಯಾಸ. ಬಿಪಿಗೆ ಉಪ್ಪು ಆಗದು ಎಂದು ಡಾಕ್ಟರು ಹೇಳಿದ್ದನ್ನು ಅಣ್ಣ ಅಷ್ಟು ದೂರದಿಂದ ಜಾರಿಗೆ ತರುತ್ತಿದ್ದಾನೆ. ಮೊನ್ನೆ ಸರ್ವೀಸಿಗೆ ಬಂದ ಹುಡುಗನನ್ನು ಅಪ್ಪ ಮೆಲ್ಲಗೆ ಮಹಡಿಗೆ ಕರೆದುಕೊಂಡು ಹೋದರು. "ಚಿತ್ರ ಇರಲಿ. ಇದರ ದನಿ ಒಂದನ್ನು ಕಿತ್ತುಹಾಕೋಕೆ ಎಷ್ಟಾಗುತ್ತೆ?"

ಹುಡುಗ ಬಾಯಿ ತೆರೆಯುವ ಮೊದಲೇ ಮೇಲಿನಿಂದ ಉತ್ತರ ಬಂತು: "ಅಪ್ಪಾ, ನಾನಿನ್ನೂ ಮಲಗಿಲ್ಲ."